ಇಂಧನದ ಸ್ವಾವಲಂಬನವೂ ಹಳಿಯಾಳದ ಕಬ್ಬೂ

ಈ ಹೊತ್ತು ನಮ್ಮ ಪೇಟೆಗಳಲ್ಲಿ ಮೋಟಾರಿನ ಟಾಕಿಗೆ ಸುರಿಯುವ ಪ್ರತಿ ಐದು ಲೀಟರು ಪೆಟ್ರೋಲಿನಲ್ಲಿ ಹತ್ತಿರಹತ್ತಿರ ಒಂದು ಲೀಟರು ಭೂಗರ್ಭದಿಂದ ಬಂದುದಲ್ಲ, ಹೊಲದಿಂದ ಬಂದುದು. ಕಬ್ಬಿನ ರಸ, ಕಾಕಂಬಿ, ಅಕ್ಕಿ, ಗೋವಿನಜೋಳಗಳನ್ನು ಹುಳಿಯಿಸಿ ಭಟ್ಟಿಯಿಳಿಸಿದ ಎಥನಾಲು ಎಂಬ ಮದ್ಯಸಾರವದು. ನೂರಕ್ಕೆ ಇಪ್ಪತ್ತರಂತೆ ಈ ಮದ್ಯಸಾರವನ್ನು ಬೆರೆಸಿದ ಪೆಟ್ರೋಲನ್ನು ೨೦೨೩ನೆಯ ಇಸವಿಯ ಫೆಬ್ರುವರಿ ೬ರಂದು ನಮ್ಮ ಬೆಂಗಳೂರಿನಲ್ಲಿಯೇ ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದರು. ಮೊದಲು ೨೦೩೦ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಐದು ವರ್ಷ ಹಿಂದಕ್ಕೆ ತಂದು, ೨೦೨೫ರಲ್ಲಿ ಅದನ್ನು ಮುಟ್ಟಿದೆವೆಂದು ಕೇಂದ್ರಸರಕಾರವು ಸಾರಿತು. ಪರದೇಶದ ಎಣ್ಣೆಗೆ ಹೋಗುವ ಹಣದ ಒಂದು ಪಾಲು ಸ್ವದೇಶದ ರೈತನ ಮನೆಗೆ ಹೋಗುವುದೆಂದರೆ ಯಾವ ದೇಶಾಭಿಮಾನಿಗೆ ತಾನೆ ಸಂತೋಷವಾಗದು? ನಮಗೂ ಆಗಿದೆ. ಆದರೆ ಸಂತೋಷದ ಬೆನ್ನಿಗೇ ಲೆಕ್ಕವೂ ಬರಬೇಕು. ಲೆಕ್ಕವಿಲ್ಲದ ಸಂತೋಷವು ಬಹುದಿನ ಬಾಳದು.

ಈ ಲೆಕ್ಕವನ್ನು ಕೇಳುವ ಹಕ್ಕು ಕರ್ನಾಟಕದಲ್ಲಿ ಯಾರಿಗಾದರೂ ವಿಶೇಷವಾಗಿ ಇದ್ದರೆ ಅದು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಜನರಿಗೆ ಇದೆ. ಹಳಿಯಾಳದಲ್ಲಿ ಇ. ಐ. ಡಿ. ಪ್ಯಾರಿ ಕಂಪನಿಯವರ ಸಕ್ಕರೆ ಕಾರಖಾನೆಯಿದೆ. ಅಲ್ಲಿ ಕಬ್ಬಿನಿಂದ ಸಕ್ಕರೆಯಷ್ಟೇ ಅಲ್ಲದೆ, ಸಿಪ್ಪೆಯಿಂದ ವಿದ್ಯುತ್ತೂ ಭಟ್ಟಿಯಿಂದ ಮದ್ಯಸಾರವೂ ಹೊರಡುತ್ತವೆ. ಅಲ್ಲಿಂದ ಅನತಿದೂರದಲ್ಲಿ ದಾಂಡೇಲಿ. ದಾಂಡೇಲಿಯ ಮಗ್ಗುಲಲ್ಲಿ ಕಾಳೀನದಿಯ ದಂಡೆಯ ಮೇಲೆ ಮೌಳಂಗಿ. ನೀರಾಟಕ್ಕೂ ವನವಿಹಾರಕ್ಕೂ ಬರುವ ಪ್ರವಾಸಿಗರ ಮೋಟಾರುಗಳು ಇಂದು ಮೌಳಂಗಿಯ ದಾರಿಯನ್ನು ಬಲ್ಲವು. ನದಿಯ ನೀರು ವಿದ್ಯುತ್ತಾಗಿ ದೂರದ ನಗರಗಳಿಗೆ ಹೋಗುತ್ತದೆ. ಪೇಟೆಯಿಂದ ಗ್ಯಾಸಿನ ಸಿಲಿಂಡರು ಬರುತ್ತದೆ. ಕಾಡಂಚಿನ ಹಳ್ಳಿಯ ಒಲೆಯಲ್ಲಿ ಇನ್ನೂ ಸೌದೆ ಉರಿಯುತ್ತದೆ. ಮೋಟಾರಿನ ಹೊಟ್ಟೆಯಲ್ಲಿ ಕಲ್ಲೆಣ್ಣೆಯೂ ಕಬ್ಬಿನ ಸಾರವೂ ಕೂಡಿ ಉರಿಯುತ್ತವೆ. ಮಾನವನು ಸುಟ್ಟು ಬದುಕಿದ ಇಂಧನಗಳ ಇತಿಹಾಸವೆಲ್ಲ ಈ ಒಂದು ಸೀಮೆಯಲ್ಲಿ ಮಗ್ಗುಲು ಮಗ್ಗುಲಾಗಿ ನಿಂತಿರುವುದನ್ನು ನೋಡಬಹುದು.

ವಿಷಯವನ್ನು ಬುಡದಿಂದ ನೋಡುವುದು ಒಳ್ಳೆಯದು. ಪೆಟ್ರೋಲು, ಡೀಸೆಲ್ಲು, ಚಿಮಣಿ ಎಣ್ಣೆ, ಅಡಿಗೆಯ ಗ್ಯಾಸು ಇವೆಲ್ಲವನ್ನು ರಸಾಯನಶಾಸ್ತ್ರಜ್ಞರು ಹೈಡ್ರೋಕಾರ್ಬನ್ನುಗಳೆಂದು ಕರೆಯುತ್ತಾರೆ. ಇಂಗಾಲ ಮತ್ತು ಜಲಜನಕ ಎಂಬ ಎರಡೇ ಮೂಲವಸ್ತುಗಳು ಸರಪಳಿಯಂತೆ ಹೆಣೆದುಕೊಂಡು ಆದ ಪದಾರ್ಥಗಳಿವು. ಒಂದು ಇಂಗಾಲದ ಕಣಕ್ಕೆ ನಾಲ್ಕು ಜಲಜನಕದ ಕಣಗಳು ಅಂಟಿದರೆ ಮೀಥೇನು. ಕೆಸರಿನಿಂದಲೂ ಸೆಗಣಿಯಿಂದಲೂ ಏಳುವ ಉರಿಯುವ ಗಾಳಿ ಅದೇ. ಮೂರು ನಾಲ್ಕು ಇಂಗಾಲದ ಸರಪಳಿಯಾದರೆ ಸಿಲಿಂಡರಿನಲ್ಲಿ ಒತ್ತಿ ತುಂಬುವ ಪ್ರೊಪೇನು, ಬ್ಯುಟೇನು. ಐದರಿಂದ ಹನ್ನೆರಡರವರೆಗೆ ಪೆಟ್ರೋಲು; ಅದಕ್ಕೂ ಉದ್ದವಾದರೆ ಚಿಮಣಿ ಎಣ್ಣೆ, ಡೀಸೆಲ್ಲು; ಬಹಳ ಉದ್ದವಾದರೆ ಮೇಣ, ಡಾಂಬರು. ಸರಪಳಿ ಉದ್ದವಾದಂತೆ ಪದಾರ್ಥವು ಗಾಳಿಯಿಂದ ದ್ರವಕ್ಕೆ, ದ್ರವದಿಂದ ಗಟ್ಟಿಗೆ ತಿರುಗುತ್ತದೆ. ಕಲ್ಲೆಣ್ಣೆಯನ್ನು ಕಾಯಿಸಿ, ಈ ಸರಪಳಿಗಳನ್ನು ಅವುಗಳ ಕುದಿಯುವ ಉಷ್ಣಮಾನಕ್ಕೆ ಅನುಸಾರವಾಗಿ ಬೇರ್ಪಡಿಸುವುದೇ ಶುದ್ಧೀಕರಣದ ಕಾರಖಾನೆಯ ಮುಖ್ಯ ಕೆಲಸ.

ಅಂತಹ ಕಾರಖಾನೆಯೊಂದು ನಮ್ಮ ಮಂಗಳೂರಿನಲ್ಲಿ ೧೯೯೬ರಿಂದ ನಡೆಯುತ್ತಿದೆ. ಆಪತ್ಕಾಲಕ್ಕೆಂದು ಬಂಡೆಯನ್ನು ಕೊರೆದು ಮಾಡಿದ ನೆಲಮಾಳಿಗೆಗಳು ಮಂಗಳೂರಿನಲ್ಲಿಯೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ಇವೆ. ಮೊದಲಿನದರಲ್ಲಿ ೧೫ ಲಕ್ಷ ಟನ್ನು, ಎರಡನೆಯದರಲ್ಲಿ ೨೫ ಲಕ್ಷ ಟನ್ನು ಕಲ್ಲೆಣ್ಣೆ ಹಿಡಿಯುತ್ತದೆ. ಕಾರಖಾನೆ ನಮ್ಮದು, ಕಣಜ ನಮ್ಮದು. ಕಾಳು ಮಾತ್ರ ಪರರದು. ದೇಶವು ಬಳಸುವ ಕಲ್ಲೆಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚಿನ ಪಾಲು ಹಡಗಿನಲ್ಲಿ ಬರತಕ್ಕದ್ದು. ಅಸ್ಸಾಮಿನ ಡಿಗ್‌ಬೋಯಿಯಲ್ಲಿ ೧೯೦೧ರಷ್ಟು ಹಿಂದೆಯೇ ಶುದ್ಧೀಕರಣವು ನಡೆಯಿತು. ೧೯೭೪ರಲ್ಲಿ ಮುಂಬಯಿಯ ಸಮುದ್ರದಡಿಯಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿತು. ಆದರೂ ನಮ್ಮ ಹಸಿವಿಗೆ ಅವು ಸಾಲವು. ಪಶ್ಚಿಮ ಏಶಿಯದಲ್ಲಿ ಗುಂಡು ಹಾರಿದರೆ ಹಳಿಯಾಳದ ರೈತನ ಟ್ರ್ಯಾಕ್ಟರಿನ ಖರ್ಚು ಏರುವ ಭಯ ಹುಟ್ಟುತ್ತದೆ. ರಾಜಕೀಯ ಸ್ವಾತಂತ್ರ್ಯವನ್ನು ಪಡೆದ ದೇಶಕ್ಕೆ ಈ ಪರಾಧೀನತೆಯು ಭೂಷಣವಲ್ಲ.

ಹೀಗಿರುವಾಗ ಕಬ್ಬಿನ ಸಾರದ ಕಡೆಗೆ ಕಣ್ಣು ಹೋದುದು ಸಹಜವೇ ಆಗಿದೆ. ಎಥನಾಲು ಹೈಡ್ರೋಕಾರ್ಬನ್ನಿನ ಹತ್ತಿರದ ದಾಯಾದಿ: ಎರಡು ಇಂಗಾಲದ ಸರಪಳಿಯಲ್ಲಿ ಒಂದು ಜಲಜನಕದ ಸ್ಥಳದಲ್ಲಿ ಆಮ್ಲಜನಕವೂ ಜಲಜನಕವೂ ಜೋಡಿಯಾಗಿ ಬಂದು ಕುಳಿತಿವೆ. ಈ ಒಂದು ಬದಲಾವಣೆಯಿಂದ ಅದರ ಗುಣವೆಲ್ಲ ಬದಲಾಯಿತು. ತನ್ನಲ್ಲಿಯೇ ಆಮ್ಲಜನಕವಿರುವುದರಿಂದ ಅದು ಹೊಗೆ ಕಡಿಮೆಯಾಗಿ ಉರಿಯುತ್ತದೆ. ಎಂಜಿನಿನಲ್ಲಿ ಅಕಾಲದಲ್ಲಿ ಸಿಡಿಯದೆ ತಾಳಿಕೊಳ್ಳುತ್ತದೆ. ಆದರೆ ಅದೇ ಕಾರಣದಿಂದ ಅರ್ಧ ಉರಿದ ಇಂಧನದಂತಾಗಿ, ಲೀಟರಿಗೆ ಪೆಟ್ರೋಲಿನ ಶಾಖದ ಸುಮಾರು ಮೂರರಲ್ಲಿ ಎರಡು ಪಾಲನ್ನು ಮಾತ್ರ ಕೊಡುತ್ತದೆ. ಅದಕ್ಕೆ ನೀರಿನ ಮೇಲೆ ಮೋಹ ಬಹಳ. ಹವೆಯ ತೇವವನ್ನೂ ಹೀರುತ್ತದೆ. ಎಷ್ಟು ಸಾರೆ ಭಟ್ಟಿಯಿಳಿಸಿದರೂ ನೂರಕ್ಕೆ ನಾಲ್ಕೈದು ಪಾಲು ನೀರು ಬಿಡದೆ ಅಂಟಿಕೊಂಡಿರುತ್ತದೆ. ಈ ಕೊನೆಯ ನೀರನ್ನು ಬಿಡಿಸುವ ಉಪಾಯಕ್ಕಾಗಿ ಶಾಸ್ತ್ರಜ್ಞರು ಬಹುಕಾಲ ದುಡಿದರು. ಮೊದಲು ಬೆಂಜೀನನ್ನು ಕೂಡಿಸಿ ಭಟ್ಟಿಯಿಳಿಸುವ ಕ್ರಮವಿದ್ದಿತು. ಈಗ ನೀರಿನ ಕಣವನ್ನು ಮಾತ್ರ ಒಳಗೆ ಬಿಟ್ಟುಕೊಂಡು ಮದ್ಯಸಾರವನ್ನು ಹೊರಗೇ ಉಳಿಸುವ ಸೂಕ್ಷ್ಮರಂಧ್ರಗಳ ಖನಿಜವನ್ನು ಬಳಸುತ್ತಾರೆ.

ಸಂಶೋಧನೆಯ ಫಲವು ಯಾರ ಕೈಯಲ್ಲಿದೆ ಎಂಬುದು ಎಷ್ಟು ಮುಖ್ಯವೆಂಬುದಕ್ಕೆ ಈ ಶಾಸ್ತ್ರದ ಚರಿತ್ರೆಯಲ್ಲಿಯೇ ಒಂದು ದೊಡ್ಡ ದೃಷ್ಟಾಂತವಿದೆ. ಕಳೆದ ಶತಮಾನದ ಆರಂಭದಲ್ಲಿ ಎಂಜಿನುಗಳೊಳಗೆ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದು ಕುಟ್ಟುತ್ತಿದ್ದಿತು. ಆ ದೋಷವನ್ನು ಮದ್ಯಸಾರವು ನಿವಾರಿಸಬಲ್ಲುದೆಂಬುದು ಅಮೇರಿಕದ ಸಂಶೋಧಕರಿಗೆ ತಿಳಿದಿದ್ದಿತು. ಆದರೂ ೧೯೨೧ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ಥಾಮಸ್ ಮಿಜ್ಲಿಯು ಸೀಸದ ಒಂದು ಸಂಯುಕ್ತವನ್ನು ಕಂಡುಹಿಡಿದನು. ಅತ್ಯಲ್ಪ ಪ್ರಮಾಣದಲ್ಲಿ ಕೆಲಸ ಮಾಡುವ, ಸ್ವಾಮ್ಯದ ಹಕ್ಕನ್ನು ಕಟ್ಟಿಕೊಳ್ಳಬಹುದಾದ ಆ ವಸ್ತುವೇ ಪೇಟೆಯನ್ನು ಗೆದ್ದಿತು. ಹೊಲದಲ್ಲಿ ಹುಟ್ಟುವ ಮದ್ಯಸಾರಕ್ಕೆ ಸ್ವಾಮ್ಯ ಹೇಳಿಕೊಳ್ಳುವವರು ಯಾರು? ಸೀಸವು ವಿಷವೆಂಬುದು ಆಗಲೂ ಗುಪ್ತವಾಗಿರಲಿಲ್ಲ. ನಮ್ಮ ದೇಶವು ಸೀಸದ ಪೆಟ್ರೋಲನ್ನು ತೊರೆದುದು ೨೦೦೦ದಲ್ಲಿ. ಜಗತ್ತಿನಲ್ಲಿ ಕಟ್ಟಕಡೆಗೆ ಅಲ್ಜೀರಿಯವು ತೊರೆದುದು ೨೦೨೧ರಲ್ಲಿ. ನೂರು ವರ್ಷಗಳ ಕಾಲ ನಗರದ ಮಕ್ಕಳು ಆ ಗಾಳಿಯನ್ನು ಕುಡಿದರು. ಲೆಕ್ಕವನ್ನು ಲಾಭಗಾರರೇ ಇಟ್ಟರೆ ಏನಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ನಮ್ಮವರು ಸುಮ್ಮನೆ ಕುಳಿತಿದ್ದರೆಂದು ವಾಚಕರು ಎಣಿಸಬಾರದು. ಇಂಧನದ ಸಂಶೋಧನೆಯಲ್ಲಿ ಕನ್ನಡನಾಡಿನ ಆರಂಭಗಳು ಹಳೆಯವು, ಹೆಮ್ಮೆಪಡತಕ್ಕವು. ಕಲ್ಲಿದ್ದಲಿಲ್ಲದ ಮೈಸೂರು ಸಂಸ್ಥಾನದಲ್ಲಿ ಕಬ್ಬಿಣವನ್ನು ಕರಗಿಸುವುದಕ್ಕೆ ಭದ್ರಾವತಿಯಲ್ಲಿ ೧೯೨೩ರಲ್ಲಿ ಕಾರಖಾನೆ ಪ್ರಾರಂಭವಾದಾಗ ಅದರ ಹೆಸರಿನಲ್ಲಿಯೇ ಕಟ್ಟಿಗೆಯನ್ನು ಭಟ್ಟಿಯಿಳಿಸುವ ಕೆಲಸವೂ ಸೇರಿದ್ದಿತು. ಮಲೆನಾಡಿನ ಕಟ್ಟಿಗೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಸುಟ್ಟು, ಇದ್ದಲನ್ನು ಕುಲುಮೆಗೆ ಕೊಟ್ಟು, ಹೊಗೆಯಿಂದ ಕಾಷ್ಠಮದ್ಯಸಾರ, ಡಾಂಬರು, ಸುಣ್ಣದ ಅಸಿಟೇಟುಗಳನ್ನು ಹಿಡಿದಿಡುವ ಯೋಜನೆಯದು. ಹೊಗೆಯನ್ನೂ ಪೋಲು ಮಾಡಬಾರದೆಂಬ ಈ ಬುದ್ಧಿಯ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ದೃಷ್ಟಿಯಿದ್ದಿತು. ೧೯೫೦ರ ದಶಕದಲ್ಲಿ ವಿದ್ಯುತ್ತಿನ ಕುಲುಮೆಗಳು ಬಂದ ಮೇಲೆ ಇದ್ದಲಿನ ಕಾಲ ಹಿಂದೆ ಬಿದ್ದಿತು. ಕಟ್ಟಿಗೆಯ ರಸಾಯನದಲ್ಲಿ ಗಳಿಸಿದ ಪರಿಣತಿಯು ಮುಂದಿನ ಪೀಳಿಗೆಗೆ ದಾಟಲಿಲ್ಲ.

ಎರಡನೆಯ ಆರಂಭವನ್ನು ಮಾಡಿಸಿದುದು ಯುದ್ಧ. ೧೯೪೨ರಲ್ಲಿ ಬ್ರಹ್ಮದೇಶವು ಜಪಾನೀಯರ ಕೈಸೇರಿ, ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತುಹೋಯಿತು. ಪೆಟ್ರೋಲಿಗೆ ಪಡಿತರವಿದ್ದಿತು. ಆಗ ಬಸ್ಸುಗಳ ಹಿಂಭಾಗಕ್ಕೆ ಇದ್ದಲಿನ ಒಲೆಯನ್ನು ಕಟ್ಟಿ, ಕಡಿಮೆ ಗಾಳಿಯಲ್ಲಿ ಇದ್ದಲನ್ನು ಉರಿಸಿ, ಅದರಿಂದೇಳುವ ಇಂಗಾಲದ ಮೊನಾಕ್ಸೈಡು, ಜಲಜನಕಗಳ ಮಿಶ್ರಣದಿಂದ ಎಂಜಿನು ನಡೆಸಿದರು. ಯೂರೋಪಿನಲ್ಲಿ ಲಕ್ಷಗಟ್ಟಲೆ ವಾಹನಗಳು ಹೀಗೆಯೇ ಓಡಿದುವು. ಕರ್ನಾಟಕದ ರಸ್ತೆಗಳಲ್ಲಿಯೂ ಇದ್ದಲಿನ ಬಸ್ಸುಗಳು ಏದುತ್ತ ಏರನ್ನು ಹತ್ತಿದುವು. ಅದೇ ಕಾಲಕ್ಕೆ ಮಂಡ್ಯದ ಸಕ್ಕರೆ ಕಾರಖಾನೆಯ ಕಾಕಂಬಿಯಿಂದ ಪೆಟ್ರೋಲಿನಲ್ಲಿ ಬೆರೆಸುವ ಮದ್ಯಸಾರವೂ ತಯಾರಾಗುತ್ತಿದ್ದಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, ೧೯೪೮ರಲ್ಲಿ, ಈ ಉದ್ಯಮಕ್ಕಾಗಿ ದೇಶದ ಶಾಸನಸಭೆಯು ಒಂದು ಕಾನೂನನ್ನೇ ಮಾಡಿತು. ಅಗ್ಗದ ಎಣ್ಣೆ ಮರಳಿ ಬಂದುದೇ ತಡ, ಇದ್ದಲಿನ ಒಲೆಗಳು ಗುಜರಿಗೆ ಹೋದುವು. ಕಾನೂನು ಪುಸ್ತಕದಲ್ಲಿ ಉಳಿಯಿತು. ೨೦೦೦ದಲ್ಲಿ ಅದನ್ನೂ ರದ್ದು ಮಾಡಿದರು. ಮೂರೇ ವರ್ಷಗಳ ಮೇಲೆ, ೨೦೦೩ರಲ್ಲಿ, ನೂರಕ್ಕೆ ಐದರಂತೆ ಮದ್ಯಸಾರ ಬೆರೆಸುವ ಕಾರ್ಯವನ್ನು ಮತ್ತೆ ಮೊದಲಿನಿಂದ ಹೂಡಿದರು. ಇತ್ತ ಬ್ರಾಜಿಲ್ ದೇಶವು ೧೯೭೫ರಲ್ಲಿ ಹಿಡಿದ ಪಟ್ಟನ್ನು ಬಿಡದೆ ಮುಂದೆ ಸಾಗಿದ್ದಿತು.

ಮೂರನೆಯ ಆರಂಭವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ ಅಲ್ಲಿ ಅಸ್ತ್ರವೆಂಬ ಕೇಂದ್ರವನ್ನು ಕಟ್ಟಿ, ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲಿಯೇ ನಡೆಸಿ ನೋಡಬೇಕೆಂದು ಹೊರಟರು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ಸೆಗಣಿಯನ್ನೆಲ್ಲ ಒಟ್ಟುಗೂಡಿಸಿ, ಅದರ ಮೀಥೇನಿನಿಂದ ಎಂಜಿನು ನಡೆಸಿ, ಮನೆಮನೆಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟರು. ಅದೇ ಸೀಮೆಯ ಹೊಸಹಳ್ಳಿಯಲ್ಲಿ ೧೯೮೮ರಲ್ಲಿ ಕಟ್ಟಿಗೆಯ ಗ್ಯಾಸಿನಿಂದ ವಿದ್ಯುತ್ತು ಮಾಡುವ ಯಂತ್ರ ನಿಂತು, ಹತ್ತು ವರ್ಷಕ್ಕೂ ಮಿಕ್ಕಿ ದೀಪ, ನೀರು, ಹಿಟ್ಟಿನ ಗಿರಣಿಗಳಿಗೆ ದುಡಿಯಿತು. ಯುದ್ಧಕಾಲದ ಇದ್ದಲಿನ ಒಲೆಯ ದೋಷಗಳಾದ ಡಾಂಬರು, ಮಸಿ, ಬೂದಿಗಳನ್ನು ಪ್ರೊಫೆಸರ್ ಎಚ್. ಎಸ್. ಮುಕುಂದರೂ ಅವರ ಸಂಗಡಿಗರೂ ಪ್ರಯೋಗಶಾಲೆಯಲ್ಲಿ ಒಂದೊಂದಾಗಿ ನಿವಾರಿಸಿದ್ದರು. ೧೯೯೦ರ ದಶಕದಲ್ಲಿ ಉಡುಪಿ ಶ್ರೀನಿವಾಸರು ಹೊಂಗೆಯ ಎಣ್ಣೆಯಿಂದ ಡೀಸೆಲ್ ಎಂಜಿನುಗಳನ್ನು ನಡೆಸಿ ತೋರಿಸಿದರು. ೧೯೦೦ದ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ಲನ ಎಂಜಿನು ಶೇಂಗಾದೆಣ್ಣೆಯಿಂದ ನಡೆದಿದ್ದಿತೆಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ ನಮ್ಮ ಹೊಲದ ಬದುವಿನಲ್ಲಿಯೇ ನಿಂತ ಮರವನ್ನು ನಾವು ನೂರು ವರ್ಷ ಕಣ್ಣೆತ್ತಿ ನೋಡದೆ ಇದ್ದುದು. ಕೃಷಿ ವಿಶ್ವವಿದ್ಯಾನಿಲಯದವರು ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನದ ಉದ್ಯಾನವನ್ನು ತೆರೆದರು. ೨೦೦೯ರಲ್ಲಿ ರಾಜ್ಯಸರಕಾರವು ಒಂದು ನೀತಿಯನ್ನೂ ಸಾರಿತು.

ಇಷ್ಟೆಲ್ಲ ಆದರೂ ಈ ಹೊತ್ತು ಸಾಮಾನ್ಯ ಗೃಹಸ್ಥನ ಬಾಯಲ್ಲಿ ಸ್ವದೇಶೀ ಇಂಧನವೆಂದರೆ ಕಬ್ಬು, ಗೋವಿನಜೋಳಗಳ ಮದ್ಯಸಾರ ಒಂದೇ. ಉಳಿದುವೆಲ್ಲ ಮಾದರಿಗಳಾಗಿ, ವರದಿಗಳಾಗಿ ಉಳಿದುವು. ಕಾರಣವನ್ನು ಹುಡುಕಿದರೆ, ಶಾಸ್ತ್ರಜ್ಞರಲ್ಲಿ ಪ್ರತಿಭೆಯ ಕೊರತೆ ಕಾಣುವುದಿಲ್ಲ. ಎಣ್ಣೆಯ ಬೆಲೆ ಏರಿದಾಗ ಸರಕಾರಗಳು ಸಂಶೋಧನೆಯನ್ನು ನೆನೆಯುತ್ತವೆ, ಇಳಿದಾಗ ಮರೆಯುತ್ತವೆ. ಬರಗಾಲದಲ್ಲಿ ಬಾವಿ ತೋಡುವುದಕ್ಕೆ ಪ್ರಾರಂಭಿಸಿ, ಮೊದಲ ಮಳೆಗೆ ಗುದ್ದಲಿಯನ್ನು ಅಟ್ಟಕ್ಕೆ ಎಸೆಯುವ ಒಕ್ಕಲಿಗನನ್ನು ಊರವರು ಏನೆನ್ನುವರು? ಇಂಧನದ ವಿಷಯದಲ್ಲಿ ಮೂರು ಸಾರೆ ಹಾಗೆ ಮಾಡಿದ್ದೇವೆ. ನಾಲ್ಕನೆಯ ಆರಂಭವಾದ ಇಂದಿನ ಎಥನಾಲಿನ ಕಾರ್ಯವು ಹಿಂದಿನವುಗಳಿಗಿಂತ ಬಹಳ ದೊಡ್ಡದು. ಆದ್ದರಿಂದ ಅದರಲ್ಲಿ ಆಗಬಹುದಾದ ತಪ್ಪೂ ದೊಡ್ಡದು.

ಈಗ ಲೆಕ್ಕಕ್ಕೆ ಬರುವಾ. ಕೇಂದ್ರದ ನೀತಿ ಆಯೋಗವು ೨೦೨೧ರ ಜೂನಿನಲ್ಲಿ ಪ್ರಕಟಿಸಿದ ಯೋಜನೆಯ ಪ್ರಕಾರ ನೂರಕ್ಕೆ ಇಪ್ಪತ್ತರ ಬೆರಕೆಗೆ ವರ್ಷಕ್ಕೆ ಸುಮಾರು ೧೦೧೬ ಕೋಟಿ ಲೀಟರು ಎಥನಾಲು ಬೇಕು. ಒಂದು ಟನ್ನು ಕಬ್ಬಿನ ರಸವನ್ನೆಲ್ಲ ಇದಕ್ಕೆ ಮೀಸಲಿಟ್ಟರೆ ಸುಮಾರು ೭೦ ಲೀಟರು ಬರುತ್ತದೆ. ಎಲ್ಲವನ್ನು ಕಬ್ಬಿನಿಂದಲೇ ಮಾಡಹೊರಟರೆ ಹದಿನಾಲ್ಕು ಕೋಟಿ ಟನ್ನಿಗೂ ಮೇಲ್ಪಟ್ಟ ಕಬ್ಬು ಬೇಕಾಗುವುದು. ದೇಶದಲ್ಲಿ ಬೆಳೆಯುವ ಕಬ್ಬಿನ ಸುಮಾರು ಮೂರರಲ್ಲೊಂದು ಪಾಲು ಅದು. ನೀರಿನ ಮಾತು ಇನ್ನೂ ಗಂಭೀರವಾಗಿದೆ. ಅದೇ ವರದಿಯ ಪ್ರಕಾರ ಕಬ್ಬಿನ ಒಂದು ಲೀಟರು ಎಥನಾಲಿಗೆ ಸುಮಾರು ೨೮೬೦ ಲೀಟರು ನೀರು ವ್ಯಯವಾಗುತ್ತದೆ. ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ ೫೫ ಲೀಟರು ನಲ್ಲಿನೀರು ಎಂಬುದು ಸರಕಾರವೇ ಹಾಕಿಕೊಂಡ ಪ್ರಮಾಣ. ಆ ಪ್ರಮಾಣದಿಂದ ನಾಲ್ಕು ಜನರ ಒಂದು ಮನೆಗೆ ಹದಿಮೂರು ದಿವಸಕ್ಕೆ ಸಾಕಾಗುವ ನೀರು ಒಂದು ಲೀಟರು ಎಥನಾಲಿನಲ್ಲಿ ಅಡಗಿದೆ.

ಈ ಸಂಖ್ಯೆಯು ದೇಶದ ಸರಾಸರಿ ಎಂಬುದನ್ನು ಮರೆಯಬಾರದು. ಹಳಿಯಾಳದಲ್ಲಿ ಬೀಳುವ ಮಳೆ ವಿಜಯಪುರದಲ್ಲಿ ಬೀಳುವುದಿಲ್ಲ; ಮಳೆಯ ನೀರಿನಿಂದ ಬೆಳೆದ ಕಬ್ಬಿಗೂ ಕೊಳವೆ ಬಾವಿಯಿಂದ ಬೆಳೆದ ಕಬ್ಬಿಗೂ ಅಜಗಜಾಂತರವಿದೆ. ಸಕ್ಕರೆ ತೆಗೆದುಳಿದ ಕಾಕಂಬಿಯಿಂದ ಮಾಡಿದ ಮದ್ಯಸಾರದ ಲೆಕ್ಕ ಬೇರೆ. ಸಕ್ಕರೆಯನ್ನು ಬಿಟ್ಟು ರಸದಿಂದಲೇ ಮಾಡಿದುದರ ಲೆಕ್ಕ ಬೇರೆ. ಹೀಗಿರಲು ಹಳಿಯಾಳದ ಒಂದು ಲೀಟರಿಗೆ ನಿಜವಾಗಿ ಎಷ್ಟು ನೀರು, ಎಷ್ಟು ಗೊಬ್ಬರ, ಎಷ್ಟು ಡೀಸೆಲ್ಲು ಬೇಕಾಗುತ್ತದೆಂಬುದನ್ನು ಹಳಿಯಾಳದ ಹೊಲದಲ್ಲಿಯೇ ಅಳೆಯಬೇಕಲ್ಲದೆ ದಿಲ್ಲಿಯ ಸರಾಸರಿಯಿಂದ ತಿಳಿಯಲಾಗದು. ಹಳಿಯಾಳದ ರೈತರು ಕಾಳೀನದಿಯ ನೀರನ್ನು ತಮ್ಮ ಹೊಲಗಳಿಗೆ ಕೇಳುತ್ತ ಬಂದಿದ್ದಾರೆ. ನದಿಯ ದಂಡೆಯ ಮೌಳಂಗಿ, ದಾಂಡೇಲಿಗಳ ಜನ ಅದೇ ನೀರನ್ನು ನೆಚ್ಚಿದ್ದಾರೆ. ಇಬ್ಬರದೂ ನ್ಯಾಯವಾದ ಬೇಡಿಕೆಯೇ. ಎರಡರ ನಡುವೆ ತೀರ್ಪು ಕೊಡುವುದಕ್ಕೆ ಅಳತೆಯ ಅಂಕಿಗಳಿಲ್ಲದಿದ್ದರೆ, ಗಟ್ಟಿಯಾಗಿ ಕೂಗಿದವರೇ ಗೆಲ್ಲುವರು.

೨೦೨೩ರಲ್ಲಿ ಮುಂಗಾರು ಕೈಕೊಟ್ಟುದು ಈ ವಿಷಯದಲ್ಲಿ ನಮಗೆ ದೊರೆತ ಪಾಠವಾಗಿದೆ. ಕರ್ನಾಟಕದ ಬಹುತೇಕ ತಾಲೂಕುಗಳು ಬರಪೀಡಿತವಾದುವು. ಸಕ್ಕರೆ ಸಾಲದೆಂಬ ಭಯದಿಂದ ಆ ವರ್ಷದ ಡಿಸೆಂಬರಿನಲ್ಲಿ ಕೇಂದ್ರಸರಕಾರವು ಕಬ್ಬಿನ ರಸದಿಂದ ಎಥನಾಲು ಮಾಡಕೂಡದೆಂದು ತಡೆದಿತು. ೨೦೨೪ರ ಆಗಸ್ಟಿನಲ್ಲಿ ತಡೆಯನ್ನು ತೆಗೆಯಿತು. ಮಳೆಯನ್ನು ನಂಬಿದ ಇಂಧನವು ಹಡಗನ್ನು ನಂಬಿದ ಇಂಧನದಷ್ಟೇ ಅಸ್ಥಿರವಾಗಬಹುದೆಂಬುದು ಇದರಿಂದ ಸ್ಪಷ್ಟವಾಯಿತು. ಕಬ್ಬು ಕಡಿಮೆಯಾದ ಆ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಥನಾಲು ಧಾನ್ಯದಿಂದ, ಮುಖ್ಯವಾಗಿ ಗೋವಿನಜೋಳದಿಂದ ಬಂದಿತು. ಹಳಿಯಾಳ, ಮುಂಡಗೋಡಗಳ ರೈತನು ಗೋವಿನಜೋಳಕ್ಕೆ ಗಿರಾಕಿ ಹೆಚ್ಚಿದುದರಿಂದ ಸಂತೋಷಪಟ್ಟರೆ ತಪ್ಪೇನೂ ಇಲ್ಲ. ಆದರೆ ಕೋಳಿ ಸಾಕುವವನೂ ದನ ಸಾಕುವವನೂ ಅದೇ ಕಾಳನ್ನು ಕೊಳ್ಳಬೇಕು. ಹೊರಗಣ ದೇಶಗಳಿಗೆ ಗೋವಿನಜೋಳವನ್ನು ಮಾರುತ್ತಿದ್ದ ನಾವು ೨೦೨೪ರಲ್ಲಿ ಕೊಳ್ಳುವವರ ಸಾಲಿಗೆ ಸೇರಿದೆವು. ಎಣ್ಣೆಯ ಪರಾಧೀನತೆಯನ್ನು ಕಾಳಿನ ಪರಾಧೀನತೆಗೆ ಬದಲಿಸಿಕೊಂಡರೆ ಅದನ್ನು ಸ್ವಾವಲಂಬನವೆನ್ನಬಹುದೇ?

ಮೋಟಾರಿನ ಒಡೆಯನ ಮಾತನ್ನೂ ಕೇಳಬೇಕು. ಬೆರಕೆಯ ಪೆಟ್ರೋಲಿಗೆಂದು ರಚಿಸದ ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲಿಯ ಲೆಕ್ಕವು ನೂರಕ್ಕೆ ಆರೇಳರಷ್ಟು, ದ್ವಿಚಕ್ರ ವಾಹನಗಳಲ್ಲಿ ಮೂರು ನಾಲ್ಕರಷ್ಟು ಕುಗ್ಗಬಹುದೆಂದು ನೀತಿ ಆಯೋಗದ ವರದಿಯೇ ಹೇಳಿದ್ದಿತು. ಮದ್ಯಸಾರವು ಕೆಲವು ಜಾತಿಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ತೇವ ಸೇರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಇವು ಪರಿಹಾರವಿಲ್ಲದ ದೋಷಗಳಲ್ಲ. ಬ್ರಾಜಿಲಿನವರು ಇದಕ್ಕಿಂತ ಹೆಚ್ಚಿನ ಬೆರಕೆಯನ್ನು ದಶಕಗಳಿಂದ ಬಳಸುತ್ತಿದ್ದಾರೆ. ಆದರೆ ಜೋಯಿಡಾದ ಮಳೆಗಾಲದಂತಹ ಮಳೆಗಾಲದಲ್ಲಿ, ತೇವ ತುಂಬಿದ ಹವೆಯಲ್ಲಿ, ಹತ್ತು ವರ್ಷ ಹಳೆಯದಾದ ಒಂದು ಬೈಕಿಗೆ ಏನಾಗುವುದೆಂಬುದನ್ನು ಪರೀಕ್ಷಿಸಿ ಜನರಿಗೆ ತಿಳಿಸುವುದು ಸರಕಾರದ ಕರ್ತವ್ಯ. ಸಂದೇಹಪಟ್ಟವನನ್ನು ದೇ‍ಶದ್ರೋಹಿಯೆಂದು ಗದರಿಸುವುದರಿಂದ ಎಂಜಿನು ನಡೆಯುವುದಿಲ್ಲ.

ರೈತನ ಪಾಲಿನ ಪ್ರಶ್ನೆಯು ಇನ್ನೂ ಹಳೆಯದು. ಕಬ್ಬಿನ ಬೆಲೆಯನ್ನು ಕೇಂದ್ರಸರಕಾರವು ಕಬ್ಬಿನಲ್ಲಿರುವ ಸಕ್ಕರೆಯ ಇಳುವರಿಯ ಮೇಲೆ ಕಟ್ಟುತ್ತದೆ. ೨೦೧೨ರಲ್ಲಿ ರಂಗರಾಜನ್ ಸಮಿತಿಯು ಸಕ್ಕರೆಯ ಜತೆಗೆ ಕಾಕಂಬಿ, ಸಿಪ್ಪೆ ಮೊದಲಾದ ಉಪಪದಾರ್ಥಗಳ ಆದಾಯದಲ್ಲಿಯೂ ಬೆಳೆಗಾರನಿಗೆ ನೂರಕ್ಕೆ ಎಪ್ಪತ್ತು ಪಾಲು ಸಲ್ಲಬೇಕೆಂದು ಶಿಫಾರಸು ಮಾಡಿತು. ಅಂದು ಉಪಪದಾರ್ಥವಾಗಿದ್ದುದು ಇಂದು ಅನೇಕ ಕಾರಖಾನೆಗಳಿಗೆ ಪ್ರಧಾನ ಪದಾರ್ಥವಾಗುತ್ತ ನಡೆದಿದೆ. ಗದ್ದೆಯು ಎಣ್ಣೆಯ ಬಾವಿಯಾದರೆ ಗದ್ದೆಯ ಒಡೆಯನು ಬಾವಿಯ ಒಡೆಯನಾಗಬೇಡವೇ? ತೂಕದ ಕಾಟಾದಿಂದ ಭಟ್ಟಿಯ ಕೊಳವೆಯವರೆಗೆ ಒಂದು ಟನ್ನು ಕಬ್ಬು ಏನೇನಾಯಿತೆಂಬ ಲೆಕ್ಕವು ರೈತನಿಗೆ ತಿಳಿಯುವ ಕನ್ನಡದಲ್ಲಿ ಪ್ರಕಟವಾಗಬೇಕು.

ಸಂಶೋಧನೆಗೆ ಇಲ್ಲಿ ಇನ್ನೂ ದೊಡ್ಡ ಕ್ಷೇತ್ರವಿದೆ. ಕಬ್ಬಿನ ರವದಿಯನ್ನು ಹೊಲದಲ್ಲಿಯೇ ಸುಡುವ ರೂಢಿ ನಮ್ಮಲ್ಲಿದೆ. ಆ ರವದಿಯೂ ಭತ್ತದ ಹುಲ್ಲೂ ಕಟ್ಟಿಗೆಯ ಪುಡಿಯೂ ಮೂಲದಲ್ಲಿ ಸಕ್ಕರೆಯ ಕಣಗಳೇ. ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಸುಲಭವಾಗಿ ಹುಳಿಯವು. ಆ ಹೆಣಿಗೆಯನ್ನು ಬಿಚ್ಚಿ ಎಥನಾಲು ಮಾಡುವ ಕಾರಖಾನೆಯು ಹರಿಯಾಣದ ಪಾಣಿಪತದಲ್ಲಿ ೨೦೨೨ರ ಆಗಸ್ಟಿನಲ್ಲಿ ತೆರೆಯಿತು. ಅನ್ನವನ್ನೂ ನೀರನ್ನೂ ಹೆಚ್ಚಾಗಿ ಕೇಳದ ಇಂಧನವಿದು. ಖರ್ಚು ಮಾತ್ರ ಇನ್ನೂ ಹೆಚ್ಚು. ಅದನ್ನು ತಗ್ಗಿಸುವುದೇ ಶಾಸ್ತ್ರಜ್ಞರ ಮುಂದಿನ ಕೆಲಸ. ಭಟ್ಟಿಯ ಕೊಳೆನೀರಿನದೂ ಹಾಗೆಯೇ. ಒಂದು ಲೀಟರು ಮದ್ಯಸಾರದ ಬೆನ್ನಿಗೆ ಹತ್ತು ಹದಿನೈದು ಲೀಟರು ಕೊಳೆನೀರು ಹೊರಡುತ್ತದೆ. ಹೊಳೆಗೆ ಬಿಟ್ಟರೆ ಅದು ಮೀನನ್ನು ಕೊಲ್ಲುವ ವಿಷ. ಗಾಳಿಯಾಡದ ತೊಟ್ಟಿಯಲ್ಲಿಟ್ಟರೆ ಅದರಿಂದಲೇ ಮೀಥೇನು ಏಳುತ್ತದೆ. ಹೀಗೆ ಹೈಡ್ರೋಕಾರ್ಬನ್ನುಗಳಲ್ಲಿ ಮೊದಲನೆಯದು ಹೊಲಸಿನಲ್ಲಿಯೇ ಕುಳಿತು ನಮ್ಮನ್ನು ಕಾಯುತ್ತಿದೆ.

ಮೀಥೇನಿನ ಮಾತು ಬಂದುದರಿಂದ ಮೌಳಂಗಿಯಂತಹ ಕಾಡಂಚಿನ ಹಳ್ಳಿಗಳ ಕಡೆಗೆ ಮರಳುತ್ತೇವೆ. ಎಥನಾಲಿನ ಬೆರಕೆಯು ಮೋಟಾರುಳ್ಳವನ ಪ್ರಶ್ನೆ. ತಲೆಹೊರೆಯಲ್ಲಿ ಸೌದೆ ತರುವ ಹೆಂಗಸಿನ ಪ್ರಶ್ನೆ ಅದರಿಂದ ಬಗೆಹರಿಯುವುದಿಲ್ಲ. ಕಾಡು ಈಗ ಹುಲಿಯ ರಕ್ಷಿತ ಸೀಮೆ; ೨೦೦೭ರಲ್ಲಿ ಹಾಗೆಂದು ಘೋಷಿತವಾಗಿ, ೨೦೧೫ರಿಂದ ಕಾಳೀ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರನ್ನು ಪಡೆಯಿತು. ಸೌದೆಗೆ ಕಟ್ಟು, ಸಿಲಿಂಡರಿಗೆ ದುಡ್ಡು, ನಡುವೆ ಹೊಗೆ. ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಶಿರಸಿಯಲ್ಲಿ ಗೋಬರ್ ಗ್ಯಾಸಿನ ತೊಟ್ಟಿಗಳು ಮನೆಮನೆಗೆ ಹಬ್ಬಿದ ಬಗೆಯನ್ನು ವಿಜ್ಞಾನಿಗಳು ಅಭ್ಯಸಿಸಿ, ೨೦೦೧ರಲ್ಲಿ ಅದನ್ನೊಂದು ಯಶಸ್ಸಿನ ಕಥೆಯೆಂದು ಪ್ರಕಟಿಸಿದರು. ಬೇರೆ ಕಡೆ ಕಟ್ಟಿದ ತೊಟ್ಟಿಗಳು ಹಾಳು ಬಿದ್ದಾಗ ಶಿರಸಿಯ ಬಹುಪಾಲು ತೊಟ್ಟಿಗಳು ಉರಿಯುತ್ತಲೇ ಇದ್ದುವು. ದನವಿದ್ದ ಅಡಿಕೆ ತೋಟದ ಗೃಹಸ್ಥರು, ತೊಟ್ಟಿಯನ್ನು ಕಟ್ಟಬಲ್ಲ ಗವಂಡಿಗಳು, ಕೆಟ್ಟರೆ ಮರುದಿನವೇ ಬಂದು ನೋಡುವ ಜನ ಇವು ಕೂಡಿದಲ್ಲಿ ಶಾಸ್ತ್ರವು ಬೇರು ಬಿಡುತ್ತದೆ. ಶಿರಸಿಯಲ್ಲಿ ಸಾಧ್ಯವಾದುದು ಹಳಿಯಾಳ, ಜೋಯಿಡಾಗಳಲ್ಲಿ ದನ ಕಡಿಮೆಯಿರುವ ಬಡವರ ಕೇರಿಗೆ ಹೇಗೆ ಒಗ್ಗೀತೆಂಬುದು ಪ್ರಯೋಗಕ್ಕೆ ಯೋಗ್ಯವಾದ ಪ್ರಶ್ನೆ.

ನಾವು ಕೇಳುವುದು ಅಸಾಧ್ಯವಾದುದೇನೂ ಅಲ್ಲ. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾನಿಲಯವಿದೆ. ಬೆಂಗಳೂರಿನಲ್ಲಿ ಐವತ್ತು ವರ್ಷಗಳ ಅನುಭವವುಳ್ಳ ವಿಜ್ಞಾನಿಗಳ ಪರಂಪರೆಯಿದೆ. ಕಬ್ಬು, ಕಾಡು, ನದಿ, ಭಟ್ಟಿ ಎಲ್ಲವೂ ಇಲ್ಲಿ ಒಂದು ದಿನದ ಪ್ರಯಾಣದೊಳಗೆ ಇವೆ. ಈ ಮೂವರೂ ಕೂಡಿ ಹಳಿಯಾಳ ಸೀಮೆಯಲ್ಲಿ ಇಂಧನದ ಒಂದು ಸ್ಥಾಯೀ ಸಂಶೋಧನ ಕ್ಷೇತ್ರವನ್ನು ನಡೆಸಲಿ. ಎಣ್ಣೆಯ ಬೆಲೆ ಏರಲಿ, ಇಳಿಯಲಿ, ಅದಕ್ಕೆ ಇಪ್ಪತ್ತು ವರ್ಷಗಳವರೆಗೆ ಹಣ ನಿಲ್ಲಬಾರದು. ಹೊಲಕ್ಕೆ ಹರಿದ ನೀರು, ಹೊಳೆಗೆ ಬಿಟ್ಟ ನೀರು, ರೈತನಿಗೆ ಸಂದ ಹಣ, ಎಂಜಿನು ಕೊಟ್ಟ ಕೆಲಸ ಈ ನಾಲ್ಕರ ಲೆಕ್ಕವನ್ನು ಅದು ವರ್ಷ ವರ್ಷವೂ ಕನ್ನಡದಲ್ಲಿ ಪ್ರಕಟಿಸಲಿ. ಲೆಕ್ಕವು ಅನುಕೂಲವಾಗಿ ಬಂದರೆ ಎಥನಾಲಿನ ಕಾರ್ಯಕ್ಕೆ ಬಲ ಬರುವುದು. ಪ್ರತಿಕೂಲವಾಗಿ ಬಂದರೆ ಹೊತ್ತು ಮೀರುವ ಮುಂಚೆ ದಾರಿಯನ್ನು ತಿದ್ದಿಕೊಳ್ಳಬಹುದು.

ಈ ಜಿಲ್ಲೆಯು ದೇಶದ ಶಕ್ತಿಗಾಗಿ ಈಗಾಗಲೇ ಬಹಳ ಕೊಟ್ಟಿದೆ. ಹಳೆಯ ಸೂಪಾ ಊರು ಕಾಳೀನದಿಯ ಅಣೆಕಟ್ಟಿನ ನೀರಿನಡಿಯಲ್ಲಿ ಮುಳುಗಿತು. ಕದ್ರಾ, ಕೊಡಸಳ್ಳಿಗಳಲ್ಲಿ ಅಣೆಗಳೆದ್ದುವು. ಕೈಗಾದಲ್ಲಿ ಅಣುಶಕ್ತಿಯ ಕೇಂದ್ರ ನಿಂತಿತು. ಪ್ರತಿ ಸಾರೆಯೂ ಜನರು ರಾಷ್ಟ್ರದ ಹಿತವೆಂಬ ಮಾತಿಗೆ ತಲೆಬಾಗಿ ಹೊಲಮನೆಗಳನ್ನು ಬಿಟ್ಟುಕೊಟ್ಟರು. ಈಗ ಹೊಲದ ಬೆಳೆಯನ್ನೂ ಹೊಳೆಯ ನೀರನ್ನೂ ಅದೇ ಹಿತಕ್ಕಾಗಿ ಕೇಳಲಾಗುತ್ತಿದೆ. ಕೊಡುವುದಕ್ಕೆ ಜನರು ಹಿಂಜರಿಯಲಾರರು. ಆದರೆ ಕೊಡುವ ಮುಂಚೆ ಲೆಕ್ಕವನ್ನು ನೋಡುವ ಅಧಿಕಾರವು ಅವರಿಗೆ ಇದೆ. ವಿಧಾನಸೌಧದಲ್ಲಿ ಕುಳಿತವರೂ ವಿದ್ಯಾಪೀಠಗಳಲ್ಲಿ ಕುಳಿತವರೂ ಆ ಲೆಕ್ಕದ ಪುಸ್ತಕವನ್ನು ಬರುವ ಹಂಗಾಮಿನ ಕಬ್ಬು ನುರಿಯುವುದಕ್ಕೆ ಮೊದಲೇ ತೆರೆಯಬೇಕೆಂದು ನಾವು ಆಗ್ರಹಪಡಿಸುತ್ತೇವೆ.